‘ನಿಯರ್ ಮಿಸ್’ಗೆ ಕನ್ನಡದಲ್ಲಿ ಏನನ್ನಬೇಕು? ನಾಳೆ ಅಚ್ಚಿಗೆ ಹೋಗಬೇಕು

ನಮಸ್ಕಾರ. ಕಾರ್ಖಾನೆಯೊಂದರ ಅಪಘಾತ ವರದಿ ಫಾರಂ ಅನ್ನು ಕನ್ನಡಕ್ಕೆ ತರುತ್ತಿದ್ದೇನೆ. ‘ನಿಯರ್ ಮಿಸ್’ ಹತ್ತಿರ ಗಾಡಿ ನಿಂತಿದೆ. ಮೇಲಿಂದ ಸ್ಪ್ಯಾನರ್ ಬಿತ್ತು, ಯಾರಿಗೂ ತಗುಲಲಿಲ್ಲ, ಅಂಥದ್ದು. ‘ತಪ್ಪಿದ ಅಪಘಾತ’ ಅಂತ ಬರೆದಿದ್ದೆ. ಅದನ್ನು ಓದಿದ ಕೆಲಸಗಾರರೊಬ್ಬರು, ‘ಇಲ್ಲಿ ತಪ್ಪು ಯಾರದ್ದು ಅಂತ ಬರೀಬೇಕಾ?’ ಅಂದರು. ಇನ್ನೊಂದು: ಕಾರಣದ ಕಾಲಂನಲ್ಲಿ ‘ಆಕಸ್ಮಿಕ’ ಅಂತ ಒಂದು ಚೌಕ ಇಡಬಹುದಾ?

* * *

‘ಆಕಸ್ಮಿಕ’ ಬೇಡವೇ ಬೇಡ. ಕಸ್ಮಾತ್ ಅಂದರೆ ‘ಯಾವುದರಿಂದ’. ಅದಕ್ಕೆ ‘ಅ’ ಸೇರಿದರೆ ಯಾವುದರಿಂದಲೂ ಅಲ್ಲ, ಸುಮ್ನೆ ಆಯ್ತು ಅಂತ. ಕಾರಣ ಕೇಳುವ ಕಾಲಂನಲ್ಲೇ ‘ಕಾರಣವಿಲ್ಲ’ ಅಂತ ಟಿಕ್ ಹಾಕಿಸುತ್ತೀರಾ? ಬ್ರಿಟಿಷ್ ಮೆಡಿಕಲ್ ಜರ್ನಲ್ 2001ರಲ್ಲೇ ‘ಆಕ್ಸಿಡೆಂಟ್’ ಪದವನ್ನು ತನ್ನ ಪುಟಗಳಿಂದ ಹೊರಗಿಡಲು ಹೊರಟಿತ್ತು. ತಡೆಯಬಹುದಾದ ಗಾಯವನ್ನೂ ಆ ಪದ ಹಣೆಬರಹದ ಲೆಕ್ಕಕ್ಕೆ ಹಾಕುತ್ತದೆ ಅಂತ.

ನಮ್ಮ ‘ಆಯತಪ್ಪಿ ಬಿದ್ದ’ ಕೂಡ ಇದೇ ಜಾತಿ. ಅದರೊಳಗೂ ‘ತಪ್ಪು’ ಕೂತಿದೆ ನೋಡಿ. ಬಿದ್ದವನ ಕಾಲಷ್ಟೇ ಕಾಣುತ್ತದೆ, ನೆಲದ ಮೇಲಿನ ಎಣ್ಣೆ ಕಾಣುವುದಿಲ್ಲ. ಅಂಥ ವರದಿ ಓದಿದ ಮೇಲಿನವರು ‘ಎಚ್ಚರದಿಂದ ನಡೆಯಿರಿ’ ಅಂತ ಬೋರ್ಡು ಹಾಕಿಸಿ ಕೈ ತೊಳೆದುಕೊಳ್ಳುತ್ತಾರೆ. ‘ಪೈಪು ಸೋರಿ ನೆಲ ಜಾರುತ್ತಿತ್ತು’ ಅಂತ ಬರೆದಿದ್ದರೆ ಪೈಪಿನ ಕಡೆ ನೋಡಲೇಬೇಕಾಗುತ್ತದೆ.

* * *

ಅಪಘಾತ, ಆಕಸ್ಮಿಕ ಎರಡೂ ಸಂಸ್ಕೃತ. ಅಚ್ಚಗನ್ನಡದಲ್ಲಿ ಯೋಚಿಸಿದ್ದರೆ ಈ ರಗಳೆಯೇ ಇರುತ್ತಿರಲಿಲ್ಲ. ‘ತಪ್ಪಿಹೋದ ಕೇಡು’ ಅನ್ನಿ. ಮುಗೀತು.

* * *

ಮುಗೀಲಿಲ್ಲ. ‘ಕೇಡು’ ಅಂದರೆ ಯಾರೋ ಮಾಟ ಮಾಡಿಸಿದ ಹಾಗಿದೆ. ತೊಡಕು ಇರುವುದೇ ನಿಮ್ಮ ಅಚ್ಚಗನ್ನಡದ ‘ತಪ್ಪು’ವಿನಲ್ಲಿ: ನಾಮಪದವಾದರೆ ದೋಷ, ಕ್ರಿಯಾಪದವಾದರೆ ಪಾರು. ಕೇಳಿದವರು ಹೇಳಿದ್ದೂ ಅದನ್ನೇ ಅಲ್ವಾ? ತಮ್ಮ ತಲೆಗೆ ಬರುತ್ತದೆ ಅನಿಸಿದರೆ ಯಾರೂ ಫಾರಂ ತುಂಬುವುದಿಲ್ಲ. ‘ನಿಯರ್ ಮಿಸ್’ ಅಂತಲೇ ಬಿಡಿ. ಸ್ಪ್ಯಾನರಿಗೆ ಯಾರಾದರೂ ಕನ್ನಡ ಕೇಳಿದ್ದಾರಾ?

* * *

ಎಲ್ಲವನ್ನೂ ಹಾಗೇ ಬಿಡುವುದಾದರೆ ಅನುವಾದ ಯಾಕೆ ಸ್ವಾಮಿ? ಲಿಪಿ ಬದಲಿಸಿದರೆ ಸಾಕು.

* * *

ನೀವು ಮುಂದುವರಿಸಿ, ನಾನು ಫಾರಂ ಕಳಿಸಿಬಿಟ್ಟೆ. ‘ಸ್ವಲ್ಪದರಲ್ಲೇ ಪಾರಾದ ಘಟನೆ’ ಅಂತ ಹಾಕಿದ್ದೇನೆ. ‘ಆಕಸ್ಮಿಕ’ ತೆಗೆದೆ. ಆ ಜಾಗದಲ್ಲಿ ‘ಏನು ಬಿತ್ತು? ಎಲ್ಲಿಂದ? ಅದು ಬೀಳದಂತೆ ಅಲ್ಲಿ ಏನಿರಬೇಕಿತ್ತು?’ ಅಂತ ಕೇಳಿ ಖಾಲಿ ಗೆರೆ ಬಿಟ್ಟಿದ್ದೇನೆ. ಸ್ಪ್ಯಾನರ್ ಸ್ಪ್ಯಾನರ್ ಆಗಿಯೇ ಇದೆ.