ಅಪ್ಪನಿಗೆ ರೈಲು ಎಳೆಯುವ ಸ್ಟೀಮ್ ಇಂಜಿನ್ ತೋರಿಸಬೇಕು. ಇಂಗ್ಲೆಂಡಿನಲ್ಲಿ ನೋಡಿದವರು ಹೇಳಿ

ರೀಡಿಂಗ್‌ನಿಂದ

ಹೋದ ಶನಿವಾರ ರೀಡಿಂಗ್ ಸ್ಟೇಷನ್ನಿನಲ್ಲಿ ಲಂಡನ್ ರೈಲಿಗೆ ಕಾಯುತ್ತಿದ್ದೆ. ಬೋರ್ಡಿನಲ್ಲಿ ಏನೂ ಇರಲಿಲ್ಲ. ಇದ್ದಕ್ಕಿದ್ದಂತೆ ದೂರದಲ್ಲಿ ಒಂದು ಸಿಳ್ಳೆ ಕೇಳಿಸಿತು. ನೋಡುತ್ತಿದ್ದ ಹಾಗೇ ಹಸಿರು ಬಣ್ಣದ ಸ್ಟೀಮ್ ಇಂಜಿನ್ ಹಳೇ ಬೋಗಿಗಳನ್ನು ಎಳೆದುಕೊಂಡು ಎದುರಿಗೇ ಹಾದುಹೋಯಿತು. ಫೋನ್ ತೆಗೆಯುವಷ್ಟರಲ್ಲಿ ಬರೀ ಹೊಗೆ ಉಳಿದಿತ್ತು.

ನಮ್ಮಪ್ಪ ಅರಸೀಕೆರೆ ಲೋಕೋ ಶೆಡ್‌ನಲ್ಲಿ ಫೈರ್‌ಮನ್, ಅಂದರೆ ಇಂಜಿನ್ ಒಲೆಗೆ ಕಲ್ಲಿದ್ದಲು ಹಾಕುವ ಕೆಲಸದಲ್ಲಿ ಇದ್ದವರು. ಮೀಟರ್ ಗೇಜ್ ಕಾಲ, ವೈಪಿ ಅನ್ನುವ ಸ್ಟೀಮ್ ಇಂಜಿನ್‌ಗಳು. ಈಗ ಎಪ್ಪತ್ತೆಂಟು ವರ್ಷ. ಮುಂದಿನ ತಿಂಗಳು ಅಮ್ಮನ ಜೊತೆ ಇಲ್ಲಿಗೆ ಬರುತ್ತಿದ್ದಾರೆ, ಆರು ವಾರ ಇರುತ್ತಾರೆ. ಮ್ಯೂಸಿಯಂನಲ್ಲಿ ಬಣ್ಣ ಬಳಿದು ನಿಲ್ಲಿಸಿದ್ದನ್ನು ಅವರು ಮೈಸೂರಿನಲ್ಲೇ ನೋಡಿದ್ದಾರೆ. ನಿಜವಾದ ಮೇನ್ ಲೈನ್ ಮೇಲೆ, ಹೊರೆ ಎಳೆಯುವ ಇಂಜಿನ್ ತೋರಿಸಬೇಕು ಅಂತ ನನಗೆ ಆಸೆ. ಅವರಿಗೆ ಮಂಡಿ ನೋವು, ಜಾಸ್ತಿ ಹತ್ತಿ ಇಳಿಯೋಕೆ ಆಗಲ್ಲ. ಎಲ್ಲಿ ಹೋಗಬೇಕು? ಬರುವುದು ಮೊದಲೇ ಹೇಗೆ ಗೊತ್ತಾಗುತ್ತೆ?

ಮಿಲ್ಟನ್ ಕೀನ್ಸ್‌ನಿಂದ

ಮೇಡಂ, ನೀವು ನೋಡಿದ ಇಂಜಿನ್‌ನ ಹೊಗೆಕೊಳವೆಯ ತುದಿಗೆ ತಾಮ್ರದ ಪಟ್ಟಿ ಇತ್ತಾ? ಇದ್ದರೆ ಅದು ಹಳೇ ಗ್ರೇಟ್ ವೆಸ್ಟರ್ನ್ ಕಂಪನಿಯದು, ಅಂದರೆ ತನ್ನ ಸ್ವಂತ ದಾರಿಯಲ್ಲೇ ಓಡುತ್ತಿತ್ತು. ಇಲ್ಲದಿದ್ದರೆ ಬೇರೆ ಕಡೆಯಿಂದ ಬಂದ ಅತಿಥಿ ಇರಬಹುದು. 1948ರಲ್ಲಿ ಇಲ್ಲಿನ ರೈಲ್ವೆ ಸರ್ಕಾರದ ಕೈಗೆ ಬರುವ ಮುಂಚೆ ನಾಲ್ಕು ದೊಡ್ಡ ಕಂಪನಿಗಳಿದ್ದವು, ಒಬ್ಬರ ಇಂಜಿನ್ ಇನ್ನೊಬ್ಬರ ಲೈನಿನಲ್ಲಿ ಕಾಣಿಸುವುದು ಅಪರೂಪ. ಈಗ ಚಾರ್ಟರ್, ಅಂದರೆ ಪ್ರವಾಸಕ್ಕೆ ಓಡಿಸುವ ವಿಶೇಷ ರೈಲಿಗೆ ಅಂತ ಎಲ್ಲಿಯದು ಎಲ್ಲಿಗೋ ಹೋಗುತ್ತದೆ.

ಬರುವುದು ಮೊದಲೇ ಗೊತ್ತಾಗುತ್ತದೆ. ಈ ರೈಲುಗಳಿಗೂ ನಿಮಿಷ ನಿಮಿಷದ ಟೈಮ್‌ಟೇಬಲ್ ಇರುತ್ತದೆ, ನಿಲ್ಲದ ಸ್ಟೇಷನ್ನಿನ ಬೋರ್ಡಿನಲ್ಲಿ ತೋರಿಸಲ್ಲ ಅಷ್ಟೇ. ರಿಯಲ್‌ಟೈಮ್ ಟ್ರೇನ್ಸ್ ವೆಬ್‌ಸೈಟಿನಲ್ಲಿ ನಿಮ್ಮ ಸ್ಟೇಷನ್ ಹಾಕಿ, ವಿವರವಾದ ಪಟ್ಟಿ ತೆರೆಯಿರಿ. ನಂಬರು 1ಜೆಡ್ ಅಂತ ಶುರುವಾಗಿದ್ದರೆ ಪ್ರಯಾಣಿಕರಿರುವ ವಿಶೇಷ ರೈಲು. 5ಜೆಡ್ ಅಂದರೆ ಖಾಲಿ ಬೋಗಿ, 0ಜೆಡ್ ಅಂದರೆ ಇಂಜಿನ್ ಮಾತ್ರ. ಡೀಸೆಲ್ ಚಾರ್ಟರ್‌ಗೂ ಇದೇ ನಂಬರು ಕೊಡುತ್ತಾರೆ. ಅದಕ್ಕೆ ರೈಲು ನಡೆಸುವವರ ಪುಟದಲ್ಲಿ ಇಂಜಿನ್ ಹೆಸರು ಹೊಂದಿಸಿ ನೋಡಿಕೊಳ್ಳಿ.

ನಾನು ಎರಡು ಸಲ ಮೋಸ ಹೋಗಿದ್ದೇನೆ. ಒಮ್ಮೆ ಕಡು ಬೇಸಿಗೆ. ಕಿಡಿ ಹಾರಿ ಹಳಿ ಪಕ್ಕದ ಹುಲ್ಲಿಗೆ ಬೆಂಕಿ ಬೀಳುತ್ತದೆ ಅಂತ ಸ್ಟೀಮ್ ಬದಲು ಡೀಸೆಲ್ ಹಾಕಿದ್ದರು. ಮಗನನ್ನು ಹೆಗಲ ಮೇಲೆ ಕೂರಿಸಿಕೊಂಡು ಒಂದು ಗಂಟೆ ನಿಂತಿದ್ದೆ. ಇನ್ನೊಮ್ಮೆ ಇಂಜಿನ್ ಬರುವ ಹೊತ್ತಿಗೇ ನಮ್ಮ ಮುಂದಿನ ಹಳಿಯಲ್ಲಿ ಕಂಟೇನರ್ ಗೂಡ್ಸ್ ಬಂತು. ಹೊಗೆ ಮಾತ್ರ ಕಂಡಿತು. ಅವತ್ತಿಂದ ಯಾವ ಪ್ಲಾಟ್‌ಫಾರ್ಮಿನ ಪಕ್ಕ ಹಾಯುತ್ತದೋ ಅಲ್ಲೇ ನಿಲ್ಲುತ್ತೇನೆ. ನಿಮ್ಮ ತಂದೆಯವರಿಗೆ ಲಿಫ್ಟ್ ಇರುವ ದೊಡ್ಡ ಸ್ಟೇಷನ್ನೇ ಒಳ್ಳೆಯದು ಅನ್ನುವುದು ನನ್ನ ಅಭಿಪ್ರಾಯ.

ಲೀಡ್ಸ್‌ನಿಂದ

ಮಿಲ್ಟನ್ ಕೀನ್ಸ್‌ನವರ ಮಾತನ್ನು ನಾನು ಒಪ್ಪಲ್ಲ. ದೊಡ್ಡ ಸ್ಟೇಷನ್ನಿನಲ್ಲಿ ಅದು ಗಂಟೆಗೆ 70 ಮೈಲಿ ವೇಗದಲ್ಲಿ ಹಾದುಹೋದರೆ ಹತ್ತು ಸೆಕೆಂಡಿನ ನೋಟ. ಫೈರ್‌ಮನ್ ಆಗಿದ್ದವರಿಗೆ ಅದು ಸಾಲುತ್ತಾ? ಅವರಿಗೆ ನಿಂತ ಇಂಜಿನ್ ತೋರಿಸಿ, ಅದು ಏರಿಗೆ ಹೊರಡುವುದನ್ನು ತೋರಿಸಿ.

ಸೆಟಲ್‌ನಿಂದ ಕಾರ್ಲೈಲ್‌ಗೆ ಹೋಗುವ ಲೈನಿನಲ್ಲಿ ಆ್ಯಪಲ್‌ಬಿ ಅಂತ ಒಂದು ಪುಟ್ಟ ಸ್ಟೇಷನ್ ಇದೆ. ಕಾರ್ಲೈಲ್ ಕಡೆಯಿಂದ ವಾಪಸ್ ಬರುವ ಸ್ಟೀಮ್ ರೈಲುಗಳು ಸಾಮಾನ್ಯವಾಗಿ ಅಲ್ಲಿ ನೀರಿಗೆ ನಿಲ್ಲುತ್ತವೆ. ಹಿಂದೆ ಹಳಿಗಳ ನಡುವೆ ನೀರಿನ ತೊಟ್ಟಿ ಇಟ್ಟು, ಓಡುತ್ತಲೇ ನೀರು ಮೊಗೆದುಕೊಳ್ಳುತ್ತಿದ್ದರು. ಅದೆಲ್ಲ ಹೋಯಿತು. ಈಗ ಬೇರೆ ಕಡೆ ಲಾರಿ ಟ್ಯಾಂಕರ್‌ನಿಂದ ಪೈಪ್ ಹಾಕಿ ತುಂಬುತ್ತಾರೆ. ಆ್ಯಪಲ್‌ಬಿಯಲ್ಲಿ ಮಾತ್ರ ಹಳೇ ಥರದ ನೀರಿನ ಕಂಬ ಇದೆ. ಒಬ್ಬ ಹುಡುಗ ಟೆಂಡರ್ (ಇಂಜಿನ್ ಹಿಂದಿನ ನೀರು, ಕಲ್ಲಿದ್ದಲಿನ ಗಾಡಿ) ಮೇಲೆ ಹತ್ತಿ ಕೊಳವೆ ಇಳಿಬಿಡುತ್ತಾನೆ. ಇನ್ನೊಬ್ಬ ಎಣ್ಣೆ ಕ್ಯಾನ್ ಹಿಡಿದು ಸುತ್ತು ಬರುತ್ತಾನೆ. ಬೇರಿಂಗ್ ಕಾದಿದೆಯಾ ಅಂತ ಕೈಯ ಹಿಂಭಾಗ ಇಟ್ಟು ನೋಡುತ್ತಾನೆ. ತುಂಬಿದಾಗ ನೀರು ಉಕ್ಕಿ ಪಕ್ಕದಲ್ಲೆಲ್ಲ ಸುರಿಯುತ್ತದೆ. ನಿಮ್ಮಪ್ಪ ಇದನ್ನೆಲ್ಲ ಕೈಯಾರೆ ಮಾಡಿದವರು, ಅಲ್ವಾ?

ಅಲ್ಲಿಂದ ಮುಂದೆ 1,169 ಅಡಿ ಎತ್ತರದ ಏಸ್ ಗಿಲ್‌ವರೆಗೆ ಏರು. ಬಹುಪಾಲು ನೂರಕ್ಕೆ ಒಂದರ ಏರು. ಇಂಜಿನ್ ಹೊರಡುವಾಗಲೇ ಕಷ್ಟಪಡುವುದು ಕೇಳಿಸುತ್ತದೆ. ಬ್ರಿಟಿಷ್ ರೈಲ್ವೆ ಮೇನ್ ಲೈನಿನ ತನ್ನ ಕೊನೆಯ ಸ್ಟೀಮ್ ರೈಲನ್ನು 1968ರ ಆಗಸ್ಟ್ 11ರಂದು ಓಡಿಸಿದ್ದೂ ಇದೇ ಲೈನಿನಲ್ಲಿ.

ಇನ್ನೊಂದು ವಿಷಯ ಹೇಳಲೇಬೇಕು. ಆ ನಾಲ್ಕು ಕಂಪನಿಗಳಲ್ಲಿ ಒಂದಾದ ಎಲ್‌ಎಂಎಸ್‌ನ ಜೂಬಿಲಿ ಅನ್ನುವ ಇಂಜಿನ್‌ಗಳು ಒಟ್ಟು 191 ಇದ್ದವು. ಆಗಿನ ಸಾಮ್ರಾಜ್ಯದ ಊರು, ನಾಡುಗಳ ಹೆಸರನ್ನು ಅವುಗಳಲ್ಲಿ ಹಲವಕ್ಕೆ ಇಟ್ಟಿದ್ದರು. ಬರೋಡಾ, ಕಾಶ್ಮೀರ್, ಗ್ವಾಲಿಯರ್, ತಿರುವಾಂಕೂರು. ನಮ್ಮ ಮೈಸೂರೂ ಇತ್ತು. ನಂಬರು 45586. ಹಿತ್ತಾಳೆ ಫಲಕದಲ್ಲಿ ಮೈಸೂರು ಅಂತ ಬರೆಸಿಕೊಂಡು ಇಂಗ್ಲೆಂಡಿನಲ್ಲಿ ಎಕ್ಸ್‌ಪ್ರೆಸ್ ರೈಲು ಎಳೆದ ಇಂಜಿನ್! ಅದನ್ನು ಗುಜರಿಗೆ ಹಾಕಿದರು. ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ಉಳಿದದ್ದು ನಾಲ್ಕೇ: ಕೊಲ್ಹಾಪುರ್, ಬಹಾಮಾಸ್, ಲಿಯಾಂಡರ್, ಗಲಾಟಿಯಾ. ಇದರಲ್ಲಿ ಕೊಲ್ಹಾಪುರ್ ಮತ್ತು ಬಹಾಮಾಸ್ ನಮ್ಮ ಮೈಸೂರಿನ ಜೊತೆಗೇ ಗ್ಲಾಸ್ಗೋದ ನಾರ್ತ್ ಬ್ರಿಟಿಷ್ ಕಾರ್ಖಾನೆಯಲ್ಲಿ ಹುಟ್ಟಿದವು. ಬಹಾಮಾಸ್ ರಿಪೇರಿಯಾಗಿ 2019ರಲ್ಲಿ ಮತ್ತೆ ಮೇನ್ ಲೈನಿಗೆ ಬಂತು. ಚಾರ್ಟರ್ ಪಟ್ಟಿಯಲ್ಲಿ ಜೂಬಿಲಿ ಅಂತ ಕಂಡರೆ ಬೇರೆ ಕೆಲಸ ಬಿಟ್ಟು ಹೊರಡಿ.

ಲಂಡನ್‌ನಿಂದ

ನಾನು ನೋಡಿದ್ದು ಸುರಂಗದಲ್ಲಿ. 2013ರ ಜನವರಿ, ಲಂಡನ್ ಅಂಡರ್‌ಗ್ರೌಂಡ್ ಶುರುವಾಗಿ 150 ವರ್ಷ ತುಂಬಿದಾಗ, 1898ರ ಮೆಟ್ರೋಪಾಲಿಟನ್ 1 ಅನ್ನುವ ಪುಟ್ಟ ಇಂಜಿನನ್ನು ಒಳಗೆ ಓಡಿಸಿದರು. ಬೇಕರ್ ಸ್ಟ್ರೀಟ್‌ನಲ್ಲಿ ನಿಂತಿದ್ದೆ. ಮೊದಲು ಸುರಂಗದಿಂದ ಬೆಚ್ಚಗಿನ ಗಾಳಿ ಬಂತು, ಆಮೇಲೆ ಕಲ್ಲಿದ್ದಲ ವಾಸನೆ, ಆಮೇಲೆ ದೀಪ. ಮನೆಗೆ ಬಂದರೂ ಕೋಟಿನಲ್ಲಿ ಆ ವಾಸನೆ ಇತ್ತು. ನಮ್ಮಜ್ಜಿ ಹೊಗೆಬಂಡಿ ಅಂತ ಯಾಕೆ ಕರೆಯುತ್ತಿದ್ದರು ಅಂತ ಅವತ್ತು ಅರ್ಥವಾಯಿತು.

ಡಾರ್ಲಿಂಗ್ಟನ್‌ನಿಂದ

2017ರ ಫೆಬ್ರವರಿಯಲ್ಲಿ ಮೂರು ದಿನ ಸ್ಕಿಪ್ಟನ್ ಮತ್ತು ಆ್ಯಪಲ್‌ಬಿ ನಡುವಿನ ದಿನನಿತ್ಯದ ರೈಲಿಗೇ ಟಾರ್ನಾಡೊ ಇಂಜಿನ್ ಕಟ್ಟಿದ್ದರು. ಸಾಮಾನ್ಯ ಟಿಕೆಟ್ ಸಾಕಾಗಿತ್ತು. ನಾನು ಹೋಗಿದ್ದೆ, ಕಿಟಕಿ ಇಳಿಸಿಕೊಂಡು ಚಳಿಯಲ್ಲೇ ಕೂತಿದ್ದೆ. ಟಾರ್ನಾಡೊ ನಮ್ಮ ಊರಿನಲ್ಲಿ 2008ರಲ್ಲಿ ಹೊಸದಾಗಿ ಕಟ್ಟಿ ಮುಗಿಸಿದ ಇಂಜಿನ್. ಆ ಜಾತಿಯ ಹಳೇ 49ರಲ್ಲಿ ಒಂದೂ ಉಳಿದಿಲ್ಲ, ಅದಕ್ಕೆ ಜನ ದುಡ್ಡು ಕೂಡಿಸಿ ಐವತ್ತನೆಯದನ್ನು ಮಾಡಿದರು.

ಒಂದು ಸೂಚನೆ. ಎಷ್ಟೋ ರೈಲುಗಳ ಹಿಂದೆ ಒಂದು ಡೀಸೆಲ್ ಇಂಜಿನ್ ಇರುತ್ತದೆ. ಅದು ತಳ್ಳುತ್ತಿದ್ದರೆ ಸ್ಟೀಮ್ ಇಂಜಿನ್‌ಗೆ ಕೆಲಸ ಕಡಿಮೆ, ಸದ್ದೂ ಕಡಿಮೆ. ಡೀಸೆಲ್ ಇಲ್ಲದ ದಿನ ಆರಿಸಿಕೊಳ್ಳೋಕಾದರೆ ಒಳ್ಳೆಯದು.

ಸೇಂಟ್ ನಿಯೋಟ್ಸ್ ಹತ್ತಿರದಿಂದ

ದಯವಿಟ್ಟು ಯಾರೂ ಬೇಲಿ ದಾಟಬೇಡಿ. 2016ರ ಫೆಬ್ರವರಿ 25ರಂದು ಫ್ಲೈಯಿಂಗ್ ಸ್ಕಾಟ್ಸ್‌ಮನ್ ಅನ್ನುವ ಹೆಸರಾಂತ ಸ್ಟೀಮ್ ಇಂಜಿನ್ ಲಂಡನ್ನಿನ ಕಿಂಗ್ಸ್ ಕ್ರಾಸ್‌ನಿಂದ ಯಾರ್ಕ್‌ಗೆ ಹೊರಟಾಗ, ನಮ್ಮ ಕಡೆ ಜನ ಫೋಟೋ ತೆಗೆಯೋಕೆ ಹಳಿ ಮೇಲೇ ಬಂದುಬಿಟ್ಟರು. ರೈಲು ನಿಲ್ಲಿಸಬೇಕಾಯಿತು. ಪಕ್ಕದ ಹಳಿಯಲ್ಲಿ ಓಡುವ ರೈಲುಗಳ ವೇಗ ಗಂಟೆಗೆ 125 ಮೈಲಿ. ಪ್ಲಾಟ್‌ಫಾರ್ಮಿನಲ್ಲೂ ಹಳದಿ ಗೆರೆ ಹಿಂದೆ ನಿಲ್ಲಿ, ಫ್ಲ್ಯಾಷ್ ಹಾಕಬೇಡಿ.

ರೀಡಿಂಗ್‌ನಿಂದ, ಮತ್ತೆ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಹೋಗಿ ಬಂದೆವು! ಲೀಡ್ಸ್‌ನವರ ಮಾತು ಕೇಳಿ ಆ್ಯಪಲ್‌ಬಿಗೇ ಹೋದೆವು. ದೂರ ಇದೆ, ಅದಕ್ಕೆ ಹಿಂದಿನ ರಾತ್ರಿ ಹತ್ತಿರದಲ್ಲೇ ಉಳಿದುಕೊಂಡೆವು. ರೈಲು ನಲವತ್ತು ನಿಮಿಷ ತಡ. ಬಂದದ್ದು ಜೂಬಿಲಿ, ಆದರೆ ಬಹಾಮಾಸ್ ಅಲ್ಲ.

ಅಪ್ಪ ಮೊದಲು ಮಾತೇ ಆಡಲಿಲ್ಲ. ಇಂಜಿನ್ ಪಕ್ಕ ನಿಧಾನಕ್ಕೆ ಮುಂದೆ ಹೋದರು, ಹಿಂದೆ ಬಂದರು. ಆಮೇಲೆ ಕ್ಯಾಬ್ ಕೆಳಗೆ ನಿಂತು ಫೈರ್‌ಮನ್ ಹುಡುಗನಿಗೆ ಬಾಯ್ಲರಿನ ಒತ್ತಡ ಎಷ್ಟು ಪೌಂಡ್ ಅಂತ ಕೇಳಿದರು. ಅವನು 225 ಅಂದ. ಅಪ್ಪ ತಮ್ಮ ಎದೆ ಮೇಲೆ ಕೈ ಇಟ್ಟುಕೊಂಡು ನಮ್ಮದು 210 ಅಂದರು. ಆ ಹುಡುಗ ಕೂಡಲೇ ಗ್ಲೌಸ್ ತೆಗೆದು, ಬಗ್ಗಿ ಕೈ ಕುಲುಕಿದ. ಸಲಿಕೆಯನ್ನೂ ಕೆಳಗೆ ಕೊಟ್ಟ. ಅಪ್ಪ ಎರಡೂ ಕೈಯಲ್ಲಿ ತೂಗಿ ನೋಡಿ ವಾಪಸ್ ಕೊಟ್ಟರು.

ಹೊರಡುವಾಗ ಅಮ್ಮ ವೀಡಿಯೋ ಮಾಡುತ್ತಿದ್ದರು. ಅಪ್ಪ ನೋಡಲೇ ಇಲ್ಲ, ತಲೆ ಬಗ್ಗಿಸಿ ಕೇಳಿಸಿಕೊಳ್ಳುತ್ತಿದ್ದರು. "ವೈಪಿ ಚಕ್ರ ಒಂದು ಸುತ್ತು ಬಂದರೆ ನಾಲ್ಕು ಸಲ ಉಸಿರು ಬಿಡುತ್ತೆ ಕಣಮ್ಮ. ಇದು ಆರು ಸಲ ಬಿಡ್ತಾ ಇದೆ. ಒಳಗೆ ಇನ್ನೊಂದು ಸಿಲಿಂಡರ್ ಇರಬೇಕು" ಅಂದರು. ಹೊರಗೆ ಎರಡೇ ಕಾಣುತ್ತಿದ್ದವು. ರೂಮಿಗೆ ಬಂದು ಹುಡುಕಿದೆ. ಜೂಬಿಲಿಗೆ ಮೂರು ಸಿಲಿಂಡರ್, ಮೂರನೆಯದು ಚೌಕಟ್ಟಿನ ನಡುವೆ ಇರುತ್ತದೆ.

ಈಗ ಅವರಿಗೆ ಆ ನಾಲ್ಕು ಸಲದ ಸದ್ದು ಇನ್ನೊಮ್ಮೆ ಕೇಳಬೇಕಂತೆ. ಬ್ಲ್ಯಾಕ್ ಫೈವ್ ಇಂಜಿನ್‌ಗೆ ಎರಡೇ ಸಿಲಿಂಡರ್ ಅಂತ ಓದಿದೆ. ಅವರು ಊರಿಗೆ ಹೊರಡೋಕೆ ಇನ್ನೂ ಎರಡು ವಾರ ಇದೆ. ಅಷ್ಟರಲ್ಲಿ ಎಲ್ಲಾದರೂ ಬ್ಲ್ಯಾಕ್ ಫೈವ್ ಬರುವುದು ಗೊತ್ತಿದ್ದರೆ ತಿಳಿಸಿ.