ಸಹಾಯ ಬೇಕು: ಚೆಸ್‌ನ ಆನೆ ಎಂಡ್‌ಗೇಮ್ ಹೇಳಿಕೊಡುವವರು ಇದ್ದೀರಾ? (ಶಿವಮೊಗ್ಗ)

ನಮಸ್ಕಾರ. ಶಿವಮೊಗ್ಗ, ಭದ್ರಾವತಿ ಕಡೆ ಕೆಲಸದ ನಡುವೆ ಚೆಸ್ ಆಡುವವರು ನಾವು. ದಿನಕ್ಕೆ ಸಿಗೋದು ಅರ್ಧ-ಮುಕ್ಕಾಲು ಗಂಟೆ. ಅದರಲ್ಲಿ 15 ನಿಮಿಷ ಪಜಲ್. ಎದುರಾಳಿಯ ಅತ್ಯುತ್ತಮ ಜವಾಬನ್ನೂ ಲೆಕ್ಕ ಹಾಕಿದ ಮೇಲೇ ಕಾಯಿ ಮುಟ್ಟುವುದು. ವಾರಕ್ಕೆರಡು ಆಟ, ಒಬ್ಬೊಬ್ಬರಿಗೆ 15 ನಿಮಿಷ, ಪ್ರತಿ ನಡೆಗೆ 10 ಸೆಕೆಂಡ್ ಸೇರುತ್ತದೆ. ಆಡಿದ್ದನ್ನು ಮೊದಲು ನಾವೇ ಬರೆದು ನೋಡಿ, ಆಮೇಲೆ ಎಂಜಿನ್ (ಚೆಸ್ ಲೆಕ್ಕ ಹಾಕುವ ಕಂಪ್ಯೂಟರ್ ಪ್ರೋಗ್ರಾಂ) ಹಾಕುತ್ತೇವೆ. ಓಪನಿಂಗ್ (ಆಟದ ಆರಂಭದ ನಡೆಗಳು) ಕಲಿತದ್ದು ಸದ್ಯಕ್ಕೆ ಸಾಕು.

ಸಿಕ್ಕಿಕೊಂಡಿರುವುದು ಆನೆ ಎಂಡ್‌ಗೇಮ್‌ನಲ್ಲಿ, ಅಂದರೆ ಕೊನೆಗೆ ರಾಜ, ಆನೆ, ಕಾಲಾಳುಗಳಷ್ಟೇ ಉಳಿಯುವ ಹಂತದಲ್ಲಿ. ಫಿಲಿಡೋರ್ (ಎದುರಾಳಿಗೆ ಒಂದು ಕಾಲಾಳು ಹೆಚ್ಚಿದ್ದರೂ ಡ್ರಾ ಮಾಡಿಕೊಳ್ಳುವ ವಿಧಾನ) ಗೊತ್ತು: ಬಿಳಿ ಕಾಲಾಳು ಐದನೇ ಸಾಲಲ್ಲಿರುವಾಗ ಕಪ್ಪು ಆನೆ ಆರನೇ ಸಾಲು ಕಾಯಬೇಕು, ಕಾಲಾಳು ಆರಕ್ಕೆ ಬಂದ ಕೂಡಲೇ ಒಂದನೇ ಸಾಲಿಗಿಳಿದು ಹಿಂದಿನಿಂದ ಚೆಕ್ ಕೊಡುತ್ತಿರಬೇಕು. ಲುಸೆನಾದಲ್ಲಿ (ಹೆಚ್ಚಿನ ಕಾಲಾಳು ಏಳನೇ ಸಾಲಿಗೆ ಬಂದಿರುವಾಗ ಗೆಲ್ಲುವ ವಿಧಾನ) ಆನೆಯನ್ನು ನಾಲ್ಕನೇ ಸಾಲಿಗೆ ತಂದು ಚೆಕ್‌ಗಳಿಂದ ರಾಜನಿಗೆ ಮರೆ ಮಾಡುವುದೂ ಗೊತ್ತು. ಆದರೆ ನಿಜವಾದ ಆಟದಲ್ಲಿ ಎರಡೂ ಕಡೆ ಮೂರು-ನಾಲ್ಕು ಕಾಲಾಳು ಉಳಿದಿರುತ್ತವೆ. ಒಂದನ್ನು ಬಿಟ್ಟುಕೊಟ್ಟು ಆನೆಗೆ ದಾರಿ ಬಿಡಿಸಬೇಕೋ, ಕಾಲಾಳಿಗೆ ಅಂಟಿಕೊಂಡು ಕಾಯಬೇಕೋ ಎಂಬುದು ತಿಳಿಯುತ್ತಿಲ್ಲ. ಕಾಯಲು ಹೋದರೆ ಆನೆ ಮೂಲೆ ಸೇರುತ್ತದೆ, ಎದುರಾಳಿಯ ರಾಜ ಆರಾಮಾಗಿ ಒಳಗೆ ನುಗ್ಗುತ್ತಾನೆ. ಡ್ರಾ ಆಗಬೇಕಾದ ಆಟಗಳು ಇಲ್ಲೇ ಕೈತಪ್ಪುತ್ತಿವೆ.

ಫಿಡೆ (ವಿಶ್ವ ಚೆಸ್ ಸಂಸ್ಥೆ) ರೇಟಿಂಗ್ 1700ರ ಮೇಲಿರುವವರು ಯಾರಾದರೂ ಭಾನುವಾರ ಬೆಳಿಗ್ಗೆ ಎರಡು ಗಂಟೆ ಬೋರ್ಡ್ ಮುಂದೆ ಕೂತು ಹೇಳಿಕೊಡುತ್ತೀರಾ? ಫೀಸು ಖಂಡಿತ ಕೊಡುತ್ತೇವೆ. ಇದೇ ಎಂಡ್‌ಗೇಮ್‌ಗಳನ್ನು ಎರಡೂ ಬಣ್ಣದಲ್ಲಿ ಆಡಿ ನೋಡಲು ತೀರ್ಥಹಳ್ಳಿ, ಸಾಗರ, ಹೊಸನಗರದ ಜೊತೆಗಾರರೂ ಬೇಕು, ಆನ್‌ಲೈನ್ ಆದರೂ ಸರಿ. ಮಳೆಗಾಲದಲ್ಲಿ ಕರೆಂಟು, ನೆಟ್‌ವರ್ಕ್ ನೆಚ್ಚಿಕೊಳ್ಳುವ ಹಾಗಿಲ್ಲವಲ್ಲ, ಹಾಗಾಗಿ ಪ್ರಿಂಟ್ ತೆಗೆಯುವಂಥ ಪೊಸಿಷನ್‌ಗಳು ನಿಮ್ಮಲ್ಲಿದ್ದರೆ ದಯವಿಟ್ಟು ಇಲ್ಲೇ ಹಾಕಿ.