‘ಮಂದದೃಷ್ಟಿ’ಗೆ ಬೇರೆ ಪದ ಇದೆಯೇ?

ಗೆಳೆಯರೇ,

ನಾನು ಆಪ್ಟೋಮೆಟ್ರಿಸ್ಟ್, ಅಂದರೆ ಕಣ್ಣಿನ ನೋಟ ಪರೀಕ್ಷಿಸಿ ಕನ್ನಡಕ ಬರೆದುಕೊಡುವವಳು. ಕನ್ನಡಕ ಹಾಕಿದರೂ, ಆಪರೇಷನ್ ಆದರೂ ಪೂರ್ತಿ ಸರಿಹೋಗದ ಕಣ್ಣಿನವರ ಜೊತೆ ಕೆಲಸ ಮಾಡುತ್ತಾ ಇಪ್ಪತ್ತು ವರ್ಷವಾಯಿತು. ನಮ್ಮ ವಿಭಾಗಕ್ಕೆ ‘ಲೋ ವಿಷನ್’ ಅನ್ನುತ್ತೇವೆ. ಕನ್ನಡದಲ್ಲಿ ಬರೆಯುವಾಗ ‘ಮಂದದೃಷ್ಟಿ’. ಈ ಪದ ನನಗೆ ಇವತ್ತಿಗೂ ಒಗ್ಗಿಲ್ಲ.

ಪದ ಏನನ್ನು ಹೇಳಬೇಕು ಅನ್ನುವುದನ್ನು ಮೊದಲು ತಿಳಿಸುತ್ತೇನೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಒಂದು ಅಳತೆ ಕೊಟ್ಟಿದೆ. ಎರಡರಲ್ಲಿ ಚೆನ್ನಾಗಿರುವ ಕಣ್ಣಿಗೆ ಸರಿಯಾದ ಕನ್ನಡಕ ಹಾಕಿದ ಮೇಲೂ ನೋಟ 6/18 ಅಥವಾ ಅದಕ್ಕಿಂತ ಕಡಿಮೆ, 3/60ರವರೆಗೆ ಇರಬೇಕು. 6/18 ಅಂದರೆ, ಬೇರೆಯವರು 18 ಮೀಟರ್ ದೂರದಿಂದ ಓದುವ ಅಕ್ಷರವನ್ನು ಇವರು 6 ಮೀಟರಿಗೆ ಬಂದು ಓದುತ್ತಾರೆ. ಇಲ್ಲವೇ ನೋಟದ ಹರವು, ಅಂದರೆ ನೇರ ನೋಡುವಾಗ ಸುತ್ತ ಕಾಣುವಷ್ಟು ಅಗಲ, 40 ಡಿಗ್ರಿಗಿಂತ ಕಡಿಮೆಯಾಗಿ, 10 ಡಿಗ್ರಿಯವರೆಗೆ ಇರಬೇಕು. ಅದಕ್ಕೂ ಕೆಳಗಿದ್ದರೆ ಮಾತ್ರ ಕುರುಡು. ಅಂದರೆ ಇವರಿಗೆ ಕಾಣುತ್ತದೆ. ಎಲ್ಲರಿಗೆ ಕಾಣುವ ಹಾಗೆ ಅಲ್ಲ, ಅಷ್ಟೇ.

‘ಮಂದ’ದ ತೊಂದರೆ ನನಗೆ ಗೊತ್ತಾಗಿದ್ದು ಒಬ್ಬ ತಾಯಿಯಿಂದ. ಮಗನಿಗೆ ಸ್ಟಾರ್‌ಗಾರ್ಟ್ ಕಾಯಿಲೆ, ನೋಟದ ನಡುಭಾಗ ಅಳಿಸಿಹೋಗಿತ್ತು. ಚೀಟಿಯಲ್ಲಿ ‘ಮಂದದೃಷ್ಟಿ’ ಎಂದು ಬರೆದುಕೊಟ್ಟೆ. ಆಕೆ ಓದಿ, “ನನ್ನ ಮಗ ಮಂದ ಅಲ್ಲ ಮೇಡಂ, ಕ್ಲಾಸಿಗೇ ಮೊದಲು ಬರ್ತಾನೆ” ಎಂದು ಕಣ್ಣು ತುಂಬಿಕೊಂಡರು. ‘ಮಂದಬುದ್ಧಿ’ಯನ್ನು ಎಷ್ಟು ಸಲ ಕೇಳಿರುತ್ತಾರೋ. ಆ ಚೀಟಿ ಹರಿದು ಬೇರೆ ಬರೆದೆ. ಆದರೆ ಬರೆಯಲು ನನ್ನ ಹತ್ತಿರ ಬೇರೆ ಪದ ಇರಲಿಲ್ಲ, ಇಂಗ್ಲಿಷನ್ನೇ ಕನ್ನಡ ಅಕ್ಷರದಲ್ಲಿ ಬರೆದೆ.

ಅರ್ಥದಲ್ಲೂ ಅದು ಕೂಡುವುದಿಲ್ಲ. ಮಂದಬೆಳಕು ಅಂದ ಹಾಗೆ, ಎಲ್ಲವೂ ಮಬ್ಬಾಗಿದೆ ಅನಿಸುತ್ತದೆ ಅಲ್ವಾ? ರೆಟಿನೈಟಿಸ್ ಪಿಗ್ಮೆಂಟೋಸಾ ಅನ್ನುವ ಕಣ್ಣಿನ ಕಾಯಿಲೆ ಇರುವ ಎಷ್ಟೋ ಜನರಿಗೆ ನಡುವೆ ಚೆನ್ನಾಗಿಯೇ ಕಾಣುತ್ತದೆ, ಸುತ್ತಲದು ಕಾಣದು. ಕೊಳವೆಯೊಳಗಿಂದ ನೋಡಿದಂತೆ. ಆಲ್ಬಿನಿಸಂ, ಅಂದರೆ ಹುಟ್ಟಿನಿಂದಲೇ ಮೈ, ಕೂದಲು, ಕಣ್ಣಿನಲ್ಲಿ ಬಣ್ಣ ಕಡಿಮೆ, ಇರುವವರಿಗೆ ಬೆಳಕೇ ಜಾಸ್ತಿಯಾಗಿ ಕಣ್ಣು ಕುಕ್ಕುತ್ತದೆ.

ಉಳಿದ ನೋಟವನ್ನು ಬಳಸಲು ಕಲಿಸುವುದಕ್ಕೆ ನಾವು ಹೇಳುವ ‘ಪುನರ್ವಸತಿ’ಯದು ಇನ್ನೊಂದು ಕಥೆ. ಬಾಗಲಕೋಟೆ ಕಡೆಯ ಹಿರಿಯರೊಬ್ಬರಿಗೆ “ನಿಮಗೆ ದೃಷ್ಟಿ ಪುನರ್ವಸತಿ ಬೇಕು” ಅಂದೆ. “ನಮ್ದು ಮುಳುಗಡಿ ಊರು ಹೌದ್ರೀ, ಆದ್ರ ಪರಿಹಾರದ ರೊಕ್ಕ ಆವಾಗ್ಲೇ ಬಂದೈತಿ” ಅಂದರು. ಆಲಮಟ್ಟಿ ಹಿನ್ನೀರಿಗೆ ಮನೆ ಬಿಟ್ಟವರಿಗೆ ಆ ಪದದ ಅರ್ಥ ಅದೇ. ಅವತ್ತಿನಿಂದ ‘ನೋಟದ ತರಬೇತಿ’ ಅನ್ನುತ್ತೇನೆ. ಎಲ್ಲರಿಗೂ ತಿಳಿಯುತ್ತದೆ.

ಆ ತರಬೇತಿಯಲ್ಲಿ ಭೂತಗನ್ನಡಿ ಹಿಡಿಯುವುದಿದೆ, ಬಿಳಿ ಅನ್ನವನ್ನು ಕಡುಬಣ್ಣದ ತಟ್ಟೆಗೆ ಬಡಿಸಿಕೊಳ್ಳುವುದಿದೆ. ನಡುನೋಟ ಹೋದವರಿಗೆ ನೇರ ನೋಡದೆ ಸ್ವಲ್ಪ ಪಕ್ಕಕ್ಕೆ ನೋಡಲು ಕಲಿಸುತ್ತೇವೆ. ಇದಕ್ಕೆ ನಾನು ‘ಕಡೆಗಣ್ಣಿನ ನೋಟ’ ಅಂತ ಹೇಳಿಕೊಡುತ್ತೇನೆ. ಆ ತಾಯಿಯ ಮಗ ಹಾಗೆ ನೋಡಿ ಬೋರ್ಡಿನ ದಪ್ಪ ಅಕ್ಷರ ಓದಿದಾಗ ನನಗಾದ ಸಂತೋಷ ದೊಡ್ಡದು.

ಈಗ ನನ್ನ ಪ್ರಶ್ನೆ. ‘ಇರುಳುಗಣ್ಣು’ ಎಷ್ಟು ಚೆಂದದ ಪದ! ಯಾರೂ ಅದನ್ನು ಹೇಳಿಕೊಳ್ಳಲು ನಾಚುವುದಿಲ್ಲ. ಅಂಥದ್ದೊಂದು ಬೇಕು. ‘ಅರೆಗಣ್ಣು’ ಅಂದರೆ ಅರ್ಧ ಮುಚ್ಚಿದ ಕಣ್ಣು. ‘ಕಿರುನೋಟ’ವನ್ನು ಪತ್ರಿಕೆಯವರು ಬೇರೆ ಅರ್ಥಕ್ಕೆ ಬಳಸಿಬಿಟ್ಟಿದ್ದಾರೆ. ‘ಅಲ್ಪದೃಷ್ಟಿ’ಯಲ್ಲಿ ‘ಅಲ್ಪ’ ಚುಚ್ಚುತ್ತದೆ. ಏನು ಹೋಗಿದೆ ಅನ್ನುವುದಕ್ಕಿಂತ ಏನು ಉಳಿದಿದೆ ಎಂದು ಪದ ಹೇಳಬೇಕು ಅನ್ನುವುದು ನನ್ನ ಆಸೆ. ‘ಉಳಿನೋಟ’ ಅಂತ ಬರೆದು ನೋಡಿದೆ. ಕಲ್ಲು ಕೆತ್ತುವ ಉಳಿ ನೆನಪಾಗುತ್ತದೆ. ‘ಉಳಿಕೆನೋಟ’ ಆದೀತೇ? ಇಲ್ಲ, ನಿಮ್ಮ ಊರಿನಲ್ಲಿ ಇಂಥ ಕಣ್ಣಿಗೆ ಅಜ್ಜ ಅಜ್ಜಿಯರು ಹೇಳುತ್ತಿದ್ದ ಮಾತು ಬೇರೆ ಇದೆಯೇ? ಇದ್ದರೆ ಯಾವ ಊರು, ಯಾವ ಸಂದರ್ಭದಲ್ಲಿ ಹೇಳುತ್ತಿದ್ದರು ಅನ್ನುವುದನ್ನೂ ಬರೆಯಿರಿ.